ದೋಣಿಯ ಮಾಡು ಸೋರಿದರೆ

ಶೀಟು ಹೊದಿಸಿದ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಶೀಟು ಸೋರುವುದಿಲ್ಲ, ಸೋರುವುದು ಶೀಟಿಗೆ ಹೊಡೆದ ತೂತು. ಅದಕ್ಕೇ ಕೆಲಸ ಬಲ್ಲ ಬಡಗಿ ಶೀಟಿನ ತಗ್ಗಿನಲ್ಲಿ ಎಂದೂ ತೂತು ಕೊರೆಯುವುದಿಲ್ಲ. ಉಬ್ಬಿನಲ್ಲಿ ಕೊರೆದು, ನಟ್ಟಿನ ಅಡಿಗೆ ಡಾಂಬರಿನ ವಾಷರ್ ಕೂರಿಸಿ, ಆಮೇಲೆ ಬಿಗಿಯುತ್ತಾನೆ. ವಾಷರ್ ಮರೆತನೋ, ಜೂನ್ ತಿಂಗಳಲ್ಲಿ ಮನೆಯವರು ಆ ತೂತಿನ ಕೆಳಗೆ ಪಾತ್ರೆ ಇಡಬೇಕಾಗುತ್ತದೆ.

ಇದೇ ಪಾಠವನ್ನು ನಾನು ಎರಡನೆಯ ಬಾರಿ ಕಲಿತದ್ದು ಅಮೆರಿಕದ ಒಹಾಯೊ ರಾಜ್ಯದಲ್ಲಿ, ಒಂದು ಹಾಯಿದೋಣಿಯ ಮೇಲೆ ಮಂಡಿಯೂರಿ ಕುಳಿತು. ಬೇಸಿಗೆ ರಜೆಗೆ ಕ್ಲೀವ್‌ಲ್ಯಾಂಡ್ ಬಳಿಯ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಅಂಗಳದಲ್ಲಿ, ಟ್ರೇಲರಿನ ಮೇಲೆ, ಇಪ್ಪತ್ತೆರಡು ಅಡಿಯ ಹಳೆಯ ದೋಣಿಯೊಂದು ನಿಂತಿತ್ತು. ಮನೆಯೊಡೆಯರು ನಿವೃತ್ತರು. ಈರೀ ಸರೋವರದ ಹಿಮ ಕರಗಿದ ಮೇಲೆ, ದೋಣಿಯನ್ನು ನೀರಿಗಿಳಿಸುವ ಮೊದಲು, ಏಪ್ರಿಲ್-ಮೇ ತಿಂಗಳಲ್ಲಿ ಅದನ್ನು ರಿಪೇರಿ ಮಾಡುವುದು ಅವರ ಪದ್ಧತಿ. ಬೇಸರ ಕಳೆಯಲು ನಾನೂ ಕೈಜೋಡಿಸಿದೆ.

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯಬಹುದಾದ ಇಂಥ ಹಾಯಿದೋಣಿಗಳು ಅಲ್ಲಿ ಶ್ರೀಮಂತರ ಸ್ವತ್ತೇನೂ ಅಲ್ಲ. ಹಳೆಯದಾದರೆ ಹಳೆ ಕಾರಿನ ಬೆಲೆಗೆ ಸಿಗುತ್ತವೆ. ಈ ವರ್ಗದಲ್ಲಿ ಹೆಸರಾದದ್ದು ಫ್ರಾಂಕ್ ಬಟ್ಲರ್ ವಿನ್ಯಾಸಗೊಳಿಸಿದ, 1969ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾಟಲಿನಾ 22. ಉದ್ದ ಇಪ್ಪತ್ತೊಂದೂವರೆ ಅಡಿ, ತೂಕ ಸುಮಾರು ಒಂದು ಟನ್. ಹದಿನೈದು ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಅದರ ಅಡಿಯ ಭಾರದ ಕಬ್ಬಿಣದ ಕೀಲನ್ನು ಮಡಚಿ ಮೇಲೆತ್ತಬಹುದು. ಹಾಗಾಗಿಯೇ ಅದು ಟ್ರೇಲರಿನ ಮೇಲೆ ಕೂರುತ್ತದೆ. ನಮ್ಮ ನೆರೆಯವರದು ಇದೇ ಅಳತೆಯ ಬೇರೊಂದು ದೋಣಿ.

ನಮ್ಮ ಕೆಲಸ ಶುರುವಾದದ್ದು ಒಂದು ಅಲ್ಲಾಡುವ ಕಂಬದಿಂದ. ಡೆಕ್ಕಿನ ಅಂಚಿನುದ್ದಕ್ಕೂ ಕಟಾಂಜನದ ಹಾಗೆ ಗಿಡ್ಡ ಉಕ್ಕಿನ ಕಂಬಗಳಿರುತ್ತವೆ. ಅವುಗಳ ನಡುವೆ ತಂತಿ ಬಿಗಿದಿರುತ್ತಾರೆ. ದೋಣಿ ವಾಲಿದಾಗ ಜನ ನೀರಿಗೆ ಬೀಳದಿರಲಿ ಎಂದು. ಎಡಗಡೆಯ ಮಧ್ಯದ ಕಂಬ ಹಳೆಯ ಹಲ್ಲಿನಂತೆ ಅಲ್ಲಾಡುತ್ತಿತ್ತು. ಆ ವರ್ಷ ಹನ್ನೆರಡು ವರ್ಷದ ಮೊಮ್ಮಗಳನ್ನು ಸರೋವರಕ್ಕೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದ ಅಜ್ಜನಿಗೆ ಅದೇ ಚಿಂತೆ.

ಆ ಹುಡುಗಿಗೆ ನಾನು ಒಂದು ಲೆಕ್ಕ ಮಾಡಿ ತೋರಿಸಿದೆ. ನಮ್ಮ ಎಂಟನೇ ತರಗತಿಯ ಮಕ್ಕಳಿಗೂ ಇದು ಕಷ್ಟವಲ್ಲ. ಕಂಬದ ಎತ್ತರ 24 ಅಂಗುಲ. ಬುಡದ ತಟ್ಟೆಯ ಬೋಲ್ಟುಗಳ ನಡುವಿನ ಅಂತರ 2 ಅಂಗುಲ. ಕಂಬದ ತುದಿಗೆ ನೀನು 20 ಕಿಲೋ ಬಲದಿಂದ ಹೊರಮುಖವಾಗಿ ಒರಗಿದೆ ಎನ್ನು. 24ನ್ನು 20ರಿಂದ ಗುಣಿಸಿ 2ರಿಂದ ಭಾಗಿಸಿದರೆ 240. ಅಂದರೆ ಒಳಬದಿಯ ಬೋಲ್ಟುಗಳನ್ನು ಡೆಕ್ಕಿನಿಂದ ಕೀಳಲು 240 ಕಿಲೋ ಬಲ ಬೀಳುತ್ತದೆ! ಕಂಬವೆನ್ನುವುದು ಮೊಳೆ ಕೀಳುವ ಹಾರೆಯೇ, ತಲೆಕೆಳಗಾಗಿ ನಿಂತಿದೆ ಅಷ್ಟೆ. ಹುಡುಗಿ ಕಂಬವನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

ಹಾಗಾದರೆ ಆ ಬೋಲ್ಟು ಕಚ್ಚಿಕೊಂಡಿರುವುದು ಯಾವುದನ್ನು? ಇಲ್ಲಿದೆ ಇಡೀ ವಿಷಯದ ಕೀಲಿಕೈ. ಈ ದೋಣಿಗಳ ಡೆಕ್ಕು ಒಂದೇ ಹಲಗೆಯಲ್ಲ. ಗಾಜಿನ ನಾರು ಮತ್ತು ರಾಳ ಸೇರಿದ ಎರಡು ತೆಳು ಹಾಳೆಗಳು, ನಡುವೆ ಹಗುರವಾದ ತಿರುಳು. ತಿರುಳು ಹೆಚ್ಚಾಗಿ ಬಾಲ್ಸಾ ಮರದ್ದು, ಇಲ್ಲವೇ ಪ್ಲೈವುಡ್ಡು. ಬ್ರೆಡ್ಡಿನ ಎರಡು ಚೂರುಗಳ ನಡುವೆ ಪಲ್ಯ ಇಟ್ಟಂತೆ. ಹೀಗೇಕೆ? ಹಲಗೆಯ ದಪ್ಪ ಇಮ್ಮಡಿಯಾದರೆ ಅದರ ಬಿಗುವು ಎಂಟು ಪಟ್ಟು ಹೆಚ್ಚುತ್ತದೆ. ಪೂರ್ತಿ ಗಾಜಿನ ನಾರಿನಿಂದಲೇ ದಪ್ಪ ಮಾಡಿದರೆ ದೋಣಿಯ ತಲೆಭಾರ ಜಾಸ್ತಿಯಾಗಿ ವಾಲುತ್ತದೆ. ನಡುವೆ ಹಗುರ ಮರವಿಟ್ಟರೆ ದಪ್ಪವೂ ಬಂತು, ಭಾರವೂ ಏರಲಿಲ್ಲ. ಜಾಣತನದ ಉಪಾಯವೇ. ಆದರೆ ಷರತ್ತು ಒಂದೇ: ತಿರುಳಿಗೆ ನೀರು ತಾಗಬಾರದು.

ತಾಗುವುದು ತೂತುಗಳ ಮೂಲಕ. ಹಗಲು ಬಿಸಿಲಿಗೆ ಉಕ್ಕೂ ಪ್ಲಾಸ್ಟಿಕ್ಕೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ರಾತ್ರಿ ಕುಗ್ಗುತ್ತವೆ. ಕಂಬ ಅಲುಗಿದಾಗಲೆಲ್ಲ ಸುತ್ತಲಿನ ಅಂಟು ಕೂದಲೆಳೆಯಷ್ಟು ಬಿಡುತ್ತದೆ. ಆ ಸಂದಿಗೆ ನೀರು ತಾನೇ ನುಸುಳುತ್ತದೆ. ಲೋಮನಾಳದ ಪ್ರಯೋಗ ಮಾಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಒಳಹೋದ ನೀರಿಗೆ ಹೊರಬರಲು ದಾರಿಯಿಲ್ಲ. ತೇವ ಹಿಡಿದ ಮರಕ್ಕೆ ಶಿಲೀಂಧ್ರ ಬರುತ್ತದೆ, ಮರ ಕೊಳೆಯುತ್ತದೆ. ಚಳಿಯ ನಾಡಿನಲ್ಲಿ ಇನ್ನೊಂದು ಕಾಟ: ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪ್ರತಿ ಚಳಿಗಾಲದಲ್ಲೂ ಅದು ಹಾಳೆಯನ್ನೂ ತಿರುಳನ್ನೂ ಬೇರ್ಪಡಿಸುತ್ತ ಹೋಗುತ್ತದೆ. ಹೊರಗಿನಿಂದ ನೋಡಿದರೆ ಡೆಕ್ಕು ಬೆಳ್ಳಗೆ ಥಳಥಳ.

ಕಣ್ಣಿಗೆ ಕಾಣದ್ದು ಕಿವಿಗೆ ಕೇಳಿಸುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ಬಡಿದು ನೋಡುವುದಿಲ್ಲವೇ? ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗಬೇಕು. ಗಟ್ಟಿ ಜಾಗ ‘ಟಕ್’ ಎನ್ನುತ್ತದೆ. ಕೊಳೆತ ಜಾಗ ‘ಡಬ್’ ಎಂದು ಮಂಕಾಗಿ ಉತ್ತರಿಸುತ್ತದೆ. ಹುಡುಗಿ ಸೀಮೆಸುಣ್ಣ ಹಿಡಿದು ಗುರುತು ಹಾಕಿದಳು. ಕಂಬದ ಸುತ್ತ ಊಟದ ತಟ್ಟೆಯಷ್ಟು ಜಾಗ ‘ಡಬ್’.

ಬೋಲ್ಟು ಬಿಚ್ಚಿದಾಗ ಚಹಾ ಬಣ್ಣದ ನೀರು ಹನಿಯಿತು. ಒಳಗಿನ ಮರ ನೆನೆದ ರಸ್ಕಿನಂತಿತ್ತು. ವಿಚಿತ್ರವೆಂದರೆ ಆ ಹಿರಿಯರು ಪ್ರತಿ ವರ್ಷವೂ ಕಂಬದ ಬುಡಕ್ಕೆ ಹೊರಗಿನಿಂದ ಸಿಲಿಕೋನ್ ಅಂಟು ಬಳಿಯುತ್ತಲೇ ಬಂದಿದ್ದರು! ಅದು ಗಾಯಕ್ಕೆ ಅಂಗಿಯ ಮೇಲೆ ಪಟ್ಟಿ ಕಟ್ಟಿದಂತೆ. ಅಲ್ಲದೆ ಸಿಲಿಕೋನಿನ ಪಸೆ ಒಮ್ಮೆ ಹತ್ತಿದರೆ ಆ ಜಾಗಕ್ಕೆ ಮುಂದೆ ಬಣ್ಣವಾಗಲಿ ಎಪಾಕ್ಸಿಯಾಗಲಿ ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಕೆರೆದು ತೆಗೆಯಲು ನಮಗೆ ಅರ್ಧ ದಿನ ಬೇಕಾಯಿತು. ಬಿಚ್ಚಿದ ಬೋಲ್ಟೂ ನಡುಭಾಗದಲ್ಲಿ ಸವೆದು ಕಂದಾಗಿತ್ತು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹೇಗೆ ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ತೆಳುವಾದ ರಕ್ಷಾಪೊರೆ ಕಟ್ಟುತ್ತದೆ. ಗಾಳಿಯಾಡದ, ನೀರು ನಿಂತ ಸಂದಿಯಲ್ಲಿ ಆ ಪೊರೆ ಹರಿದರೆ ಮತ್ತೆ ಕಟ್ಟಲು ಆಮ್ಲಜನಕವಿಲ್ಲ. ತುಕ್ಕು ಅಲ್ಲಿ ಒಳಗೇ ತಿನ್ನುತ್ತದೆ. ಹೊರಗೆ ಕಾಣುವ ಬೋಲ್ಟಿನ ತಲೆ ಮಾತ್ರ ಕನ್ನಡಿಯಂತೆ.

ಇನ್ನು ಚಿಕಿತ್ಸೆ. ಊಟದ ತಟ್ಟೆಯಗಲದ ಜಾಗದಲ್ಲಿ ಮೇಲಿನ ಹಾಳೆಯನ್ನು ಕತ್ತರಿಸಿ ತೆಗೆದು, ಕೊಳೆತ ತಿರುಳನ್ನು ಕೆರೆದು ಹೊಸ ತುಂಡು ಕೂರಿಸಿದೆವು. ಉಳಿದ ತೂತುಗಳಲ್ಲಿ ಕೊಳೆತ ಇನ್ನೂ ಆರಂಭದಲ್ಲಿತ್ತು. ಅವಕ್ಕೆ ಅಲ್ಲಿಯವರು ಬಳಸುವ ಉಪಾಯ ನನಗೆ ಬಹಳ ಹಿಡಿಸಿತು. ಒಂದು ಮೊಳೆಯ ತುದಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ತಲೆ ಕತ್ತರಿಸಿ, ಡ್ರಿಲ್ಲಿಗೆ ಸಿಕ್ಕಿಸಿ, ತೂತಿನೊಳಗೆ ಇಳಿಸಿ ತಿರುಗಿಸುವುದು. ಮೊಳೆಯ ಕೊಕ್ಕೆ ಎರಡು ಹಾಳೆಗಳ ನಡುವಿನ ಮರವನ್ನಷ್ಟೇ ಸುತ್ತಲೂ ಅರ್ಧ ಅಂಗುಲ ಕೆರೆದು ಹಾಕುತ್ತದೆ. ಮೇಲಿನ ತೂತು ಸಣ್ಣದು, ಒಳಗಿನ ಗೂಡು ದೊಡ್ಡದು. ಆಮೇಲೆ ಒಣಗಲು ಬಿಡಬೇಕು. ಒಂದೆರಡು ದಿನವಲ್ಲ, ನಾವು ಹತ್ತು ದಿನ ಹೊದಿಕೆಯಡಿ ಕಾದೆವು. ಒದ್ದೆ ಮರಕ್ಕೆ ಎಪಾಕ್ಸಿ ಸುರಿದರೆ ಕೊಳೆತವನ್ನು ಡಬ್ಬಿಯಲ್ಲಿ ಮುಚ್ಚಿಟ್ಟಂತೆ.

ಒಣಗಿದ ಮೇಲೆ ಕೆಳಗಿನ ಬಾಯಿಗೆ ಅಂಟುಪಟ್ಟಿ ಹಚ್ಚಿ, ಮೊದಲು ತೆಳು ಎಪಾಕ್ಸಿ ಹನಿಸಿ ಮರ ಹೀರಲು ಬಿಟ್ಟು, ನಂತರ ಸಿಲಿಕಾ ಪುಡಿ ಬೆರೆಸಿದ ಮಂದ ಎಪಾಕ್ಸಿಯನ್ನು ತುಂಬಿದೆವು. ಗಟ್ಟಿಯಾದ ಮೇಲೆ ಅದರ ನಟ್ಟನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆದರೆ ಆಯಿತು. ಈಗ ಬೋಲ್ಟಿನ ಸುತ್ತ ಮರವೇ ಇಲ್ಲ. ನಾಳೆ ಅಂಟು ಬಿಟ್ಟರೂ ನೀರು ಕೆಳಗೆ ತೊಟ್ಟಿಕ್ಕುತ್ತದೆ, ತಿರುಳಿಗೆ ಹೋಗದು. ತೊಟ್ಟಿಕ್ಕುವ ನೀರು ಕಣ್ಣಿಗೆ ಕಾಣುವ ಶತ್ರು, ಅದಕ್ಕೆ ನಾನು ಅಷ್ಟು ಹೆದರುವುದಿಲ್ಲ.

ಇಲ್ಲಿ ಪೋಷಕರಿಗೊಂದು ಮಾತು. ಎಪಾಕ್ಸಿಯ ಎರಡು ದ್ರವಗಳು ಸೇರಿದರೆ ಶಾಖ ಹೊಮ್ಮುತ್ತದೆ. ಹೆಚ್ಚು ಕಲಸಿ ಒಂದೇ ಲೋಟದಲ್ಲಿಟ್ಟರೆ ಲೋಟ ಕರಗಿ ಹೊಗೆಯಾಡುವುದುಂಟು. ಅಗಲ ತಟ್ಟೆಗೆ ಸುರಿದರೆ ಶಾಖ ಹರಡಿ ಹೋಗುತ್ತದೆ. ಬೇಗ ಗಟ್ಟಿಯಾಗಲಿ ಎಂದು ಗಟ್ಟಿಕಾರಕವನ್ನು ಹೆಚ್ಚು ಹಾಕಿದರೆ ಅದು ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ಕೈಗವಸು ಕಡ್ಡಾಯ. ಚರ್ಮಕ್ಕೆ ಪದೇಪದೇ ತಾಗಿದರೆ ಆಯುಷ್ಯಪೂರ್ತಿ ಅಲರ್ಜಿ ಬರಬಹುದು. ಉಜ್ಜುವಾಗ ಏಳುವ ಧೂಳಿಗೆ ಮುಖವಾಡವಿರಲಿ.

ಕಂಬವನ್ನು ಮತ್ತೆ ಕೂರಿಸುವಾಗ ಬಳಸಿದ್ದು ಬ್ಯುಟೈಲ್ ರಬ್ಬರಿನ ಪಟ್ಟಿ. ಅಗಿದ ಚೂಯಿಂಗ್ ಗಮ್ಮಿನ ಹಾಗೆ ಬೂದು ಬಣ್ಣದ ಜಿಗುಟು ವಸ್ತು. ಅದು ಗಟ್ಟಿಯಾಗುವುದಿಲ್ಲ, ವರ್ಷಗಟ್ಟಲೆ ಮೆತ್ತಗೇ ಇದ್ದು ಉಕ್ಕು ಹಿಗ್ಗಿದಂತೆ ಕುಗ್ಗಿದಂತೆ ಜೊತೆಗೆ ಸರಿಯುತ್ತದೆ. ನಮ್ಮ ಡಾಂಬರಿನ ವಾಷರಿನ ಅಣ್ಣ ಎನ್ನಿ. ತೂತಿನ ಬಾಯಿಯನ್ನು ಕೊಂಚ ಇಳಿಜಾರಾಗಿ ಕೆತ್ತಿದರೆ ಅಲ್ಲಿ ಬ್ಯುಟೈಲ್ ತುಂಬಿಕೊಂಡು ಬೋಲ್ಟಿಗೆ ಉಂಗುರದಂತೆ ಕೂರುತ್ತದೆ. ಬಿಗಿಯುವಾಗ ಬೋಲ್ಟಿನ ತಲೆಯನ್ನು ತಿರುಗಿಸಬಾರದು, ಆ ಉಂಗುರ ಹರಿಯುತ್ತದೆ. ಒಬ್ಬರು ಮೇಲೆ ತಲೆಯನ್ನು ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ನಟ್ಟು ತಿರುಗಿಸಬೇಕು. ಕೆಳಗಿನ ಇಕ್ಕಟ್ಟಿನಲ್ಲಿ ನುಸುಳಿದವಳು ಹುಡುಗಿಯೇ. ನಟ್ಟಿನ ಅಡಿಗೆ ಹತ್ತು ಸೆಂಟಿಮೀಟರ್ ಚೌಕದ ದಪ್ಪ ಹಲಗೆ ಇಟ್ಟೆವು. ಹಿಂದೆ ಇದ್ದದ್ದು ಒಂದೂವರೆ ಸೆಂಟಿಮೀಟರಿನ ವಾಷರ್, ಅದರ ವಿಸ್ತೀರ್ಣ ಎರಡು ಚದರ ಸೆಂಟಿಮೀಟರೂ ಇಲ್ಲ. ಹೊಸ ಹಲಗೆಯದು ನೂರು. ಅದೇ ಬಲ ಐವತ್ತು ಪಟ್ಟು ಜಾಗಕ್ಕೆ ಹಂಚಿಹೋಯಿತು.

ರಿಪೇರಿಯ ಜೊತೆಗೆ ಒಂದೆರಡು ಮಾರ್ಪಾಡುಗಳನ್ನೂ ಮಾಡಿದೆವು. ಹಾಯಿಯನ್ನು ಏರಿಸುವ ಹಗ್ಗಗಳು ಹಾಯಿಕಂಬದ ಬುಡದಲ್ಲಿದ್ದವು. ಗಾಳಿ ಜೋರಾದಾಗ ಹಾಯಿ ಇಳಿಸಲು ಕುಣಿಯುವ ಡೆಕ್ಕಿನ ಮೇಲೆ ನಡೆದುಹೋಗಬೇಕಿತ್ತು. ರಾಟೆಗಳ ಮೂಲಕ ಹಗ್ಗವನ್ನು ತಿರುಗಿಸಿ ಹಿಂಭಾಗದ ಕೂರುವ ಜಾಗಕ್ಕೆ ತಂದರೆ ಎದ್ದು ಹೋಗುವ ಪ್ರಮೇಯವಿಲ್ಲ. ಮೇಲಿಂದ ಬಂದ ಹಗ್ಗ ಸಮಕೋನದಲ್ಲಿ ತಿರುಗಿದಾಗ ರಾಟೆಯ ಮೇಲೆ ಬೀಳುವುದು ಎಳೆತದ 1.4 ಪಟ್ಟು ಬಲ. 50 ಕಿಲೋ ಎಳೆದರೆ ರಾಟೆಗೆ 70 ಕಿಲೋ, ಅದೂ ಓರೆಯಾಗಿ ಮೇಲ್ಮುಖಕ್ಕೆ. ಡೆಕ್ಕಿಗೆ ಹೊಸ ತೂತು ಕೊರೆಯುವ ಬದಲು ಹಾಯಿಕಂಬದ ಪಾದದಡಿಯಲ್ಲೇ ಒಂದು ಉಕ್ಕಿನ ತಟ್ಟೆ ಸೇರಿಸಿ ರಾಟೆಗಳನ್ನು ಅದಕ್ಕೇ ಸಿಕ್ಕಿಸಿದೆವು. ಕಂಬ ತನ್ನ ಒತ್ತಡದಿಂದ ತಟ್ಟೆಯನ್ನು ಕೆಳಕ್ಕೆ ಅದುಮಿ ಹಿಡಿಯುತ್ತದೆ. ಜಾರದಿರಲು ಡೆಕ್ಕಿಗೆ ಮರಳು ಬೆರೆಸಿದ ಬಣ್ಣ ಬಳಿದೆವು. ಮರಳು ಮಂಡಿ ತರಚುತ್ತದೆಂದು ಕೆಲವರು ಹಸಿ ಬಣ್ಣದ ಮೇಲೆ ಸಕ್ಕರೆ ಉದುರಿಸಿ, ಒಣಗಿದ ಮೇಲೆ ತೊಳೆದು, ಗುಳಿಗಳನ್ನಷ್ಟೇ ಉಳಿಸಿಕೊಳ್ಳುತ್ತಾರಂತೆ. ಇರುವೆಗಳ ನೆನಪಾಗಿ ನಾನು ಬೇಡವೆಂದೆ.

ಡೆಕ್ಕಿನುದ್ದಕ್ಕೂ ಚಪ್ಪಟೆ ಪಟ್ಟಿಯೊಂದನ್ನು ಬಿಗಿದು, ಮೈಗೆ ಕಟ್ಟಿದ ಹಗ್ಗವನ್ನು ಅದಕ್ಕೆ ಕೊಕ್ಕೆ ಹಾಕಿಕೊಳ್ಳುವ ವ್ಯವಸ್ಥೆಯೂ ಆಯಿತು. ದುಂಡು ಹಗ್ಗವಾದರೆ ಕಾಲಡಿ ಉರುಳುತ್ತದೆ. ಆದ್ದರಿಂದ ಚಪ್ಪಟೆ ಪಟ್ಟಿ. ಆಗ ಆ ಹಿರಿಯರು ತಮ್ಮೂರಿನ ರಾಬರ್ಟ್ ಮ್ಯಾನ್ರಿಯ ಕಥೆ ಹೇಳಿದರು. ಕ್ಲೀವ್‌ಲ್ಯಾಂಡಿನ ಪ್ಲೇನ್ ಡೀಲರ್ ಪತ್ರಿಕೆಯ ಸಂಪಾದಕೀಯ ವಿಭಾಗದಲ್ಲಿದ್ದ ಈತ ಹುಟ್ಟಿದ್ದು ನಮ್ಮ ಮಸ್ಸೂರಿಯ ಬಳಿಯ ಲಂಡೌರಿನಲ್ಲಿ, 1918ರಲ್ಲಿ, ತಂದೆ-ತಾಯಿ ಮಿಷನರಿಗಳು. ಹದಿಮೂರೂವರೆ ಅಡಿಯ ಹಳೆಯ ಮರದ ದೋಣಿಯೊಂದನ್ನು ಕೊಂಡು, ತಾನೇ ಡೆಕ್ಕು ಹೊದಿಸಿ, ಪುಟ್ಟ ಕ್ಯಾಬಿನ್ ಕಟ್ಟಿ, ‘ಟಿಂಕರ್‌ಬೆಲ್’ ಎಂದು ಹೆಸರಿಟ್ಟ. 1965ರ ಜೂನ್ 1ರಂದು ಅಮೆರಿಕದ ಫಾಲ್ಮತ್‌ನಿಂದ ಹೊರಟು, 78 ದಿನಗಳಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿ, ಆಗಸ್ಟ್ 17ರಂದು ಇಂಗ್ಲೆಂಡಿನ ಫಾಲ್ಮತ್ ಸೇರಿದ. ದಾರಿಯಲ್ಲಿ ಅಲೆಗಳು ಅವನನ್ನು ಹಲವು ಸಲ ನೀರಿಗೆಸೆದವು. ಪ್ರತಿ ಸಲವೂ ಮರಳಿ ತಂದದ್ದು ಸೊಂಟದಿಂದ ದೋಣಿಗೆ ಕಟ್ಟಿದ ಹಗ್ಗ. ಆ ಹಗ್ಗದ ಇನ್ನೊಂದು ತುದಿಯನ್ನು ಹಿಡಿದಿದ್ದದ್ದು ಅವನೇ ಸಿದ್ಧಪಡಿಸಿದ ದೋಣಿ. ಹುಡುಗಿ ಏನೂ ಹೇಳದೆ ಕ್ಯಾಬಿನ್ನಿಗಿಳಿದು ಪಟ್ಟಿಯ ಕೊನೆಯ ನಟ್ಟನ್ನು ಇನ್ನೊಮ್ಮೆ ಮುಟ್ಟಿ ನೋಡಿ ಬಂದಳು.

ಒಂದು ಎಚ್ಚರಿಕೆಯನ್ನು ಅಜ್ಜ ಅವಳಿಗೆ ಎರಡು ಸಲ ಹೇಳಿಕೊಟ್ಟರು. ಈ ದೋಣಿಗಳಲ್ಲಿ ಪ್ರತಿ ಸಲ ನೀರಿನ ಬಳಿ ಹೋಗಿ ಅಲ್ಯೂಮಿನಿಯಂ ಹಾಯಿಕಂಬವನ್ನು ಎತ್ತಿ ನಿಲ್ಲಿಸಬೇಕು. ಎತ್ತುವ ಮೊದಲು ತಲೆಯೆತ್ತಿ ಮೇಲೆ ನೋಡಬೇಕು. ವಿದ್ಯುತ್ ತಂತಿಗೆ ಕಂಬ ತಗುಲಿ ಜೀವ ಹೋದ ಪ್ರಸಂಗಗಳು ಅಲ್ಲಿ ಹಲವು.

ನಾನು ಹೊರಡುವ ಹಿಂದಿನ ದಿನ ಕಂಬದ ಬುಡಕ್ಕೆ ಬಕೆಟ್‌ಗಟ್ಟಲೆ ನೀರು ಸುರಿದೆವು. ಹುಡುಗಿ ಒಳಗೆ ಮಲಗಿ, ಹಲಗೆಯ ಸುತ್ತ ಟಿಶ್ಯೂ ಕಾಗದ ಒತ್ತಿ ಹಿಡಿದು ಕಾದಳು. ಕಾಗದ ಒಣಗಿಯೇ ಇತ್ತು. ಆಮೇಲೆ ಡೆಕ್ಕಿನ ಮೇಲಿನ ಎಲ್ಲ ತೂತುಗಳನ್ನೂ ಎಣಿಸಿದಳು. ಅರವತ್ತೆಂಟು. ನಾವು ಮುಗಿಸಿದ್ದು ಹದಿನೆಂಟು. ಬಾಕಿ ಐವತ್ತನ್ನು ಒಂದು ಹಾಳೆಯಲ್ಲಿ ನಕ್ಷೆ ಬರೆದು, ಯಾವುದು ‘ಟಕ್’ ಯಾವುದು ‘ಡಬ್’ ಎಂದು ಗುರುತಿಸಿ, ಕ್ಯಾಬಿನ್ನಿನ ಬಾಗಿಲಿಗೆ ಅಂಟಿಸಿದಳು.