ಎಸ್.ಎಸ್.ಎಲ್.ಸಿ. ನಂತರ ಯಾವ ಓದು? ಮೊದಲು ಶಾಲೆಯ ಗುರುಗಳನ್ನು ಕೇಳಿ



ಹಸು ಕೊಳ್ಳುವಾಗ ನಾವು ತಳಿ ಯಾವುದು, ಎಷ್ಟನೇ ಸೂಲು, ಎಷ್ಟು ಹಾಲು ಎಂದೆಲ್ಲ ವಿಚಾರಿಸುತ್ತೇವೆ. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಮಾತ್ರ ಪಕ್ಕದ ಮನೆಯ ಹುಡುಗ ಓದಿದ್ದನ್ನೇ ಕೊಡಿಸುತ್ತೇವೆ. ನಗರದ ಕೆಲವು ಶಾಲೆಗಳಲ್ಲಿ ಮುಂದಿನ ಓದಿನ ಬಗ್ಗೆ ತಿಳಿಸಲೆಂದೇ ಸಲಹೆಗಾರರಿರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಆ ಕೆಲಸ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಮತ್ತು ಶಿಕ್ಷಕರದೇ. ಮಗು ಯಾವ ವಿಷಯದಲ್ಲಿ ಚುರುಕು, ಯಾವುದರಲ್ಲಿ ಹಿಂದೆ ಎಂಬುದನ್ನು ಮೂರು ವರ್ಷ ಕಂಡವರು ಅವರು.

ವಿಷಯಗಳ ಆಯ್ಕೆ

ಪಿ.ಯು.ಸಿ.ಯಲ್ಲಿ ತೆಗೆದುಕೊಳ್ಳುವ ವಿಷಯಗಳೇ ಮುಂದಿನ ದಾರಿಯನ್ನು ತೀರ್ಮಾನಿಸುತ್ತವೆ. ಪಶುವೈದ್ಯ ಪದವಿಗೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಬೇಕೇ ಬೇಕು. ಡೇರಿ ತಂತ್ರಜ್ಞಾನದ ಬಿ.ಟೆಕ್.ಗೆ ಗಣಿತ ಬೇಕು. ಜೀವಶಾಸ್ತ್ರ ಬಿಟ್ಟ ವಿದ್ಯಾರ್ಥಿ ಎಷ್ಟೇ ಅಂಕ ಪಡೆದರೂ ಪಶುವೈದ್ಯನಾಗಲಾರ. ಎರಡೂ ದಾರಿ ತೆರೆದಿರಬೇಕೆಂದರೆ ಪಿ.ಸಿ.ಎಂ.ಬಿ. ಒಳ್ಳೆಯದು. ಆದರೆ ಓದಿನ ಹೊರೆ ಹೆಚ್ಚು. ಮಗುವಿಗೆ ಅದು ನಿಭಾಯಿಸುವುದೇ ಎಂದು ಗಣಿತ, ವಿಜ್ಞಾನ ಶಿಕ್ಷಕರನ್ನು ಕೇಳಿ.

ಪಿ.ಯು.ಸಿ. ಒಂದೇ ದಾರಿಯಲ್ಲ. ಎಸ್.ಎಸ್.ಎಲ್.ಸಿ. ನಂತರ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ, ಐ.ಟಿ.ಐ. ಇದೆ. ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು.

ದಾಖಲೆಗಳು

ವೃತ್ತಿ ಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ, ನಿಯಮಗಳಿಗೆ ಒಳಪಟ್ಟು, 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಕೃಷಿ, ಪಶುವೈದ್ಯ ಮುಂತಾದ ಪದವಿಗಳಿಗೆ ಕೃಷಿಕರ ಮಕ್ಕಳ ಕೋಟಾ ಬೇರೆ ಇದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸೌಲಭ್ಯಕ್ಕೆ ಶಾಲೆಯ ದಾಖಲೆಗಳೇ ಆಧಾರ. ಆದ್ದರಿಂದ:

1. ಮಗುವಿನ ಹೆಸರು, ಜನ್ಮ ದಿನಾಂಕ, ಜಾತಿ ಸರಿಯಾಗಿ ದಾಖಲಾಗಿವೆಯೇ ಎಂದು 9ನೇ ತರಗತಿಯಲ್ಲೇ ನೋಡಿ. ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ಕಷ್ಟ.
2. ಶಾಲೆ ಬಿಡುವಾಗ ವ್ಯಾಸಂಗ ಪ್ರಮಾಣಪತ್ರ ಕೇಳಿ ಪಡೆಯಿರಿ.
3. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಮೊದಲೇ ಅರ್ಜಿ ಹಾಕಿ.

ಫಲಿತಾಂಶ ಬಂದ ಮೇಲೆ ಯೋಚಿಸಲು ಸಮಯವಿರುವುದಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ತಂದೆತಾಯಿ ಇಬ್ಬರೂ ಶಾಲೆಗೆ ಹೋಗಿ ಬನ್ನಿ. ಮಗನಿಗಷ್ಟೇ ಅಲ್ಲ, ಮಗಳಿಗೂ. ಜೊತೆಯಲ್ಲಿ ಮಗುವೂ ಇರಲಿ. ಓದಬೇಕಾದವರು ಅವರೇ ಅಲ್ಲವೇ?