ಖುಲಾಸೆಯಾದ ಮೇಲೆ ಯಾರ ಮನೆಗೆ?

ಸುಳ್ಯದ ಕಡೆಯ ಒಬ್ಬ ರಬ್ಬರ್ ಟ್ಯಾಪರ್‌ನನ್ನು ಊಹಿಸಿಕೊಳ್ಳಿ. ಕಿವಿಯಲ್ಲಿ ಯಾರೋ ಬೈಯುವ ಸದ್ದು, ಅನ್ನಕ್ಕೆ ವಿಷ ಹಾಕುತ್ತಿದ್ದಾರೆಂಬ ಗುಮಾನಿ. ಒಂದು ದಿನ ಮನೆಯವರ ಮೇಲೆಯೇ ಕತ್ತಿ ಬೀಸಿದ. ಕಾಯಿಲೆಯಿಂದಾಗಿ, ಮಾಡುತ್ತಿರುವುದು ಏನು, ಅದು ತಪ್ಪೋ ಸರಿಯೋ ಎಂಬ ಅರಿವೇ ಆಗ ಅವನಿಗಿರಲಿಲ್ಲವೆಂದು ಸಾಬೀತಾದರೆ ಕೋರ್ಟು ಖುಲಾಸೆ ಮಾಡುತ್ತದೆ. ಹಿಂದೆ ಅದು ಐಪಿಸಿಯ 84ನೇ ಸೆಕ್ಷನ್, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ಆದರೆ ಖುಲಾಸೆಯಾದವನು ನೇರ ಬಸ್ಸು ಹತ್ತುವಂತಿಲ್ಲ. ಸುರಕ್ಷಿತ ಬಂಧನದಲ್ಲಿಡಬೇಕು, ಇಲ್ಲವೇ ನೋಡಿಕೊಳ್ಳುತ್ತೇವೆಂದು ಜಾಮೀನು ಕೊಡುವ ನೆಂಟರಿಗೋ ಸ್ನೇಹಿತರಿಗೋ ಒಪ್ಪಿಸಬೇಕು. ಏಟು ತಿಂದವರೇ ಜಾಮೀನಿಗೂ ಬರಬೇಕಾದ ವಿಚಿತ್ರ ಪರಿಸ್ಥಿತಿ.

ಜೈಲುಗಳಲ್ಲಿ ಮಾನಸಿಕ ಕಾಯಿಲೆ ಅಪರೂಪವೇನಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರದ 5,024 ಕೈದಿಗಳನ್ನು ಪರೀಕ್ಷಿಸಿದ ನಿಮ್ಹಾನ್ಸ್ ತಂಡ 2011ರಲ್ಲಿ ವರದಿ ಕೊಟ್ಟಿತು: ಮದ್ಯ, ಮಾದಕಗಳ ಚಟ ಬಿಟ್ಟು ಲೆಕ್ಕ ಹಾಕಿದರೂ ಶೇ 27.6 ಮಂದಿಗೆ ಕಾಯಿಲೆ. ಹೀಗಿದ್ದೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್, ಜೈಲಿನಲ್ಲಿ ಅಂಥವರು ಇಲ್ಲವೆಂದು ಮೂರು ತಿಂಗಳಿಗೊಮ್ಮೆ ವೈದ್ಯಾಧಿಕಾರಿ ದೃಢೀಕರಿಸಬೇಕೆನ್ನುತ್ತದೆ! ರಾಜ್ಯಕ್ಕೊಂದಾದರೂ ಜೈಲಿನಲ್ಲಿ ಚಿಕಿತ್ಸಾ ಕೇಂದ್ರ ಇರಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆನ್ನಿ.

ಇಂಥ ರೋಗಿಗಳ ಬಗ್ಗೆ ಮೊದಲಿನಿಂದ ಕೇಳುತ್ತಿದ್ದುದು ಒಂದೇ: ಇವನಿಂದ ಅಪಾಯ ಇದೆಯೇ? ಚೇತರಿಕೆಗೆ ಒತ್ತು ಕೊಡುವ ಆರೈಕೆಯಲ್ಲಿ ರೋಗಿಯನ್ನೇ ಇನ್ನೊಂದು ಕೇಳುತ್ತಾರೆ: ಹೊರಗೆ ಹೋಗಿ ಏನು ಮಾಡ್ತೀ? 'ಟ್ಯಾಪಿಂಗ್' ಎಂದರೆ ಔಷಧದ ಲೆಕ್ಕವೇ ಬದಲಾಗುತ್ತದೆ. ರಬ್ಬರ್ ಹಾಲು ಚೆನ್ನಾಗಿ ಇಳಿಯುವುದು ಬಿಸಿಲೇರುವ ಮುಂಚೆ. ನಸುಕಿನಲ್ಲೇ ತಲೆಗೆ ಲೈಟು ಕಟ್ಟಿಕೊಂಡು ತೋಟಕ್ಕಿಳಿಯಬೇಕು. ರಾತ್ರಿ ನುಂಗಿದ ಮಾತ್ರೆಯ ಮಂಪರು ಅಷ್ಟರಲ್ಲಿ ಹರಿಯದಿದ್ದರೆ ಅವನು ಮಾತ್ರೆಯನ್ನೇ ಬಿಡುತ್ತಾನೆ; ಬಿಟ್ಟರೆ ಬೈಗುಳ ಮತ್ತೆ ಕೇಳಿಸತೊಡಗಬಹುದು. ಮಾತ್ರೆಯ ಹೊತ್ತು ಬದಲಿಸುವುದೋ, ಎರಡು–ನಾಲ್ಕು ವಾರಕ್ಕೊಮ್ಮೆ ಇಂಜೆಕ್ಷನ್ ಕೊಡುವುದೋ, ಅವನನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು. ಟ್ಯಾಪಿಂಗ್ ಕತ್ತಿ ಮತ್ತೆ ಕೈಗೆ ಕೊಡಬಹುದೇ ಎಂಬುದೂ ಅಲ್ಲಿಯೇ, ಅವನೆದುರೇ ಚರ್ಚೆಯಾಗಲಿ. ನಿದ್ದೆ ಕೆಡುವುದು, ಊಟದ ಮೇಲೆ ಸಂಶಯ: ಕಾಯಿಲೆ ಮರುಕಳಿಸುವ ಈ ಸೂಚನೆಗಳನ್ನು, ಆಗ ಯಾರಿಗೆ ಹೇಳಬೇಕೆಂಬುದನ್ನು ಅವನೇ ಬರೆದಿಟ್ಟುಕೊಳ್ಳುತ್ತಾನೆ. ಇನ್ನು, ತಾನು ಮಾಡಿದ್ದೇನೆಂದು ಪೂರ್ತಿ ಹೊಳೆಯುವುದು ಎಷ್ಟೋ ಸಲ ಗುಣವಾದ ಮೇಲೆ. ಆ ದುಃಖಕ್ಕೆ ಮಾತ್ರೆಯಿಲ್ಲ. ಜೊತೆಗಿದ್ದು ಕೇಳುವವರು ಬೇಕು.

ಕಾಯುವವರಿಲ್ಲದಿದ್ದರೆ? ಅಸ್ಸಾಮಿನ ಮಚಾಂಗ್ ಲಾಲುಂಗ್ 1951ರಲ್ಲಿ ಬಂಧಿತರಾಗಿ ಮಾನಸಿಕ ಆಸ್ಪತ್ರೆ ಸೇರಿದರು. 1967ರಲ್ಲೇ ಆಸ್ಪತ್ರೆ ಗುಣವಾಗಿದ್ದಾರೆಂದಿತು. ಮತ್ತೆ ಜೈಲಿಗೆ ಕಳಿಸಿ ಮರೆತರು. ಹೊರಬಂದದ್ದು 2005ರಲ್ಲಿ.

ಸುಳ್ಯಕ್ಕೆ ನಿಮ್ಹಾನ್ಸ್ ಹೆಚ್ಚುಕಡಿಮೆ 300 ಕಿಲೋಮೀಟರ್. ಪ್ರತಿ ಇಂಜೆಕ್ಷನ್‌ಗೂ ಅಲ್ಲಿಗೆ ಹೋಗಿಬರುವುದು ಆಗುವ ಮಾತಲ್ಲ. ಹೀಗೆ ಇಲ್ಲದ ಸದ್ದು ಕೇಳಿಸುವ, ಗುಮಾನಿ ಹುಟ್ಟಿಸುವ ಸ್ಕಿಜೋಫ್ರೇನಿಯಾಕ್ಕೆ ಊರಲ್ಲೇ ಚಿಕಿತ್ಸೆ ಸಾಧ್ಯವೆಂದು ತೀರ್ಥಹಳ್ಳಿ, ತುರುವೇಕೆರೆಗಳಲ್ಲಿ ನಿಮ್ಹಾನ್ಸೇ ತೋರಿಸಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ 'ಮನೋಚೈತನ್ಯ' ಯೋಜನೆಯನ್ನು ಸರ್ಕಾರವೂ ತಂದಿದೆ. ಹಾಗಾಗಿ ಕಡಬದವನಿರಲಿ, ಪುತ್ತೂರಿನವನಿರಲಿ, ಬಿಡುಗಡೆಗೆ ಮೊದಲೇ ಅವನ ಔಷಧದ ವಿವರ ಹತ್ತಿರದ ಆಸ್ಪತ್ರೆಗೆ ತಲುಪಿರಬೇಕು, ಮುಂದಿನ ಇಂಜೆಕ್ಷನ್ ಯಾವ ಮಂಗಳವಾರವೆಂಬುದೂ ಅದರಲ್ಲಿ ಬರೆದಿರಬೇಕು.