ಕೆರೆಯ ಹೂಳೆತ್ತುವ ದಾನ : ಜೋಖಮು ಯಾರ ಪಾಲಿಗೆ?

ನೀರಿನ ಕೆಲಸಕ್ಕೆ ಕೊಡುವುದು ನಮ್ಮ ಸಮಾಜಕ್ಕೆ ಹೊಸದಲ್ಲ. ಬಾವಿ ತೋಡಿಸಿದವರು, ಅರವಟ್ಟಿಗೆ ಇಟ್ಟವರು, ದನಗಳಿಗೆ ತೊಟ್ಟಿ ಕಟ್ಟಿಸಿದವರು ನಮ್ಮ ಹಿರಿಯರಲ್ಲಿ ಅನೇಕರು. ಈಗ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಪೇಟೆಗಳಲ್ಲಿ ಬೇಸಿಗೆ ಬಂತೆಂದರೆ ಕೆರೆಯ ಹೂಳೆತ್ತಲು ವಂತಿಗೆ ಕೇಳುತ್ತಾರೆ. ಕೊಡುವುದು ಧರ್ಮವೇ. ಆದರೆ ಒಂದು ಲಾರಿ ಸರಕು ಕಳಿಸುವಾಗ ದಾರಿಯ ಜೋಖಮು ಮಾರಿದವನದೋ ಕೊಂಡವನದೋ ಎಂದು ಮೊದಲೇ ನಿಶ್ಚಯಿಸುವ ನಾವು, ಊರ ಕೆಲಸಕ್ಕೆ ಹಣ ಕೊಡುವಾಗ ಆ ಮಾತನ್ನೇ ಎತ್ತುವುದಿಲ್ಲ. ಪುಣ್ಯದ ಕೆಲಸಕ್ಕೆ ಕರಾರೇಕೆ ಎಂಬ ಸಂಕೋಚ.

ಮಹಾರಾಷ್ಟ್ರ ಸರಕಾರ 2017ರಲ್ಲಿ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಯೋಜನೆಯನ್ನು ತಂದಿತು. ಗಾಳ ಎಂದರೆ ಹೂಳು; ಅದನ್ನು ಕೆರೆಯಿಂದ ತೆಗೆದು ಹೊಲಕ್ಕೆ ಹಾಕುವುದು ಉದ್ದೇಶ. ಯಂತ್ರ ದಾನಿ ಸಂಸ್ಥೆಗಳದು, ಡೀಸೆಲ್ ಸರಕಾರದ್ದು, ಸಾಗಣೆ ರೈತನದು ಎಂದು ಪಾಲು ಹಂಚಿತ್ತು. ಮರಳು ತೆಗೆಯಕೂಡದೆಂಬ ನಿಬಂಧನೆಯೂ ಇತ್ತು. ಪುಣೆಯಲ್ಲಿ 1985ರಲ್ಲಿ ಸ್ಥಾಪನೆಯಾದ ಭಾರತೀಯ ಜೈನ ಸಂಘಟನೆಯು 2018ರಲ್ಲಿ ಬುಲಢಾಣಾ ಜಿಲ್ಲೆಯಲ್ಲಿ ಹೂಳೆತ್ತುವ ಯಂತ್ರಗಳನ್ನು ಒದಗಿಸಿತು. ಈ ಹಂಚಿಕೆಯಲ್ಲಿ ಜಾಣತನವಿದೆ. ತನ್ನ ಹಣದಿಂದ ಟ್ರ್ಯಾಕ್ಟರು ತರುವ ರೈತ ಉಪಯೋಗವಿಲ್ಲದ ಮಣ್ಣನ್ನು ಹೊರುವುದಿಲ್ಲ.

ಪಾಲು ನಿಶ್ಚಯವಾಗದಿದ್ದರೆ ಏನಾಗುತ್ತದೆ? ರಾಜ್ಯವನ್ನು ಬರಮುಕ್ತ ಮಾಡಲೆಂದು 2014ರ ಕೊನೆಗೆ ಆರಂಭವಾದ ‘ಜಲಯುಕ್ತ ಶಿವಾರ’ಕ್ಕೆ ಸುಮಾರು 9,634 ಕೋಟಿ ರೂಪಾಯಿ ವೆಚ್ಚವಾಯಿತು. ಅಂತರ್ಜಲದ ಮಟ್ಟ ಏರಿಸುವುದರಲ್ಲಿ ಅದರ ಪರಿಣಾಮ ಅಲ್ಪವೆಂದು ಮಹಾಲೇಖಪಾಲರ ವರದಿ 2020ರಲ್ಲಿ ಹೇಳಿತು; ನಿರ್ವಹಣೆಯ ಲೋಪಗಳನ್ನೂ ತೋರಿಸಿತು. ಕಟ್ಟುವುದಕ್ಕೆ ಹಣವಿರುತ್ತದೆ, ಕಾಯುವುದಕ್ಕೆ ಇರುವುದಿಲ್ಲ.

ಆದ್ದರಿಂದ ವಂತಿಗೆ ಕೊಡುವ ಮೊದಲು ನಾಲ್ಕು ಜೋಖಮುಗಳನ್ನು ವಿಚಾರಿಸಬೇಕು.

1. ಅಗೆತದ ಜೋಖಮು. ಹೂಳನ್ನು ಕೆರೆಯ ಮೂಲ ತಳದವರೆಗೆ ಮಾತ್ರ ತೆಗೆಯಬೇಕು. ಅದಕ್ಕೂ ಕೆಳಗೆ ಅಗೆದರೆ ನೀರು ಹಿಡಿದಿಡುವ ಜೇಡಿಪದರ ಹರಿದು ನೀರು ನಿಲ್ಲದೆ ಹೋಗಬಹುದು. ಏರಿಯ ಬುಡ ಕೆದಕಿದರೆ ಏರಿಯೇ ದುರ್ಬಲವಾಗುತ್ತದೆ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಸುಮಾರು 20 ಜನ ಪ್ರಾಣ ಕಳೆದುಕೊಂಡರು. ಸೋರಿಕೆಯನ್ನು ಮೊದಲೇ ತಿಳಿಸಿದ್ದೆವೆಂದು ಊರವರು ಹೇಳಿದರು. ಆದಕಾರಣ ಅಗೆಯುವ ಎಲ್ಲೆಯನ್ನು ಇಂಜಿನಿಯರರು ಗುರುತು ಹಾಕಿ ಸಹಿ ಮಾಡಿಕೊಡಬೇಕು. ಏರಿಯಲ್ಲಿ ಸೋರಿಕೆ ಕಂಡರೆ ಯಾರಿಗೆ ತಿಳಿಸಬೇಕೆಂಬುದೂ ಗೊತ್ತಾಗಿರಬೇಕು.

2. ಕಾಲದ ಜೋಖಮು. ಜೂನಿನಲ್ಲಿ ಮಳೆ ಬಂದರೆ ದಡದಲ್ಲಿ ಒಟ್ಟಿದ ಹೂಳು ಮತ್ತೆ ಕೆರೆಗೇ ಇಳಿಯುತ್ತದೆ. ಆರಂಭದ ಮತ್ತು ಮುಗಿತಾಯದ ದಿನಗಳು ಕಾಗದದಲ್ಲಿರಲಿ.

3. ಲೆಕ್ಕದ ಜೋಖಮು. ಯಂತ್ರ ಓಡಿದ ತಾಸಿನ ಮೇಲೆ ಮಾತ್ರ ಹಣ ಕೊಟ್ಟರೆ ಯಂತ್ರ ಓಡುತ್ತಲೇ ಇರುತ್ತದೆ. ಕೆಲಸದ ಮೊದಲು ಮತ್ತು ನಂತರ ಆಳ ಅಳೆದು, ತೆಗೆದ ಮಣ್ಣಿನ ಲೆಕ್ಕಕ್ಕೆ ತಾಳೆ ನೋಡಬೇಕು.

4. ಮುಂದಿನ ವರ್ಷಗಳ ಜೋಖಮು. ಕೋಡಿಯ ಕಸ ತೆಗೆಯುವವರು ಯಾರು? ಏರಿಯ ಮೇಲಿನ ಗಿಡಗಂಟಿ ಕಡಿಯುವವರು ಯಾರು? ನಿಂತ ನೀರನ್ನು ಎಷ್ಟು ಪಂಪುಗಳು ಎತ್ತಬಹುದು?

ಈ ಕೊನೆಯ ಪ್ರಶ್ನೆಗೆ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಹಿವರೆ ಬಾಜಾರ್ ಉತ್ತರ ಕೊಟ್ಟಿದೆ. 1989ರಲ್ಲಿ ಸರಪಂಚರಾದ ಪೋಪಟರಾವ್ ಪವಾರರ ಮುಂದಾಳುತನದಲ್ಲಿ ಆ ಊರು ಒಡ್ಡು ಹಾಕಿದ್ದಷ್ಟೇ ಅಲ್ಲ, ಬೇಸಾಯಕ್ಕೆ ಬೋರ್‌ವೆಲ್ ಕೊರೆಯುವುದನ್ನೂ ಹೆಚ್ಚು ನೀರು ಕುಡಿಯುವ ಬೆಳೆಗಳನ್ನೂ ತಡೆಯಿತು. ವರ್ಷದ ಮಳೆ ಅಳೆದು, ಇರುವ ನೀರು ನೋಡಿ ಬೆಳೆ ನಿಶ್ಚಯಿಸುತ್ತದೆ. ಇದು ನಮ್ಮ ಜಮಾ-ಖರ್ಚಿನ ವಹಿಯಂತೆಯೇ: ಜಮಾ ನೋಡದೆ ಖರ್ಚು ಬರೆಯುವಂತಿಲ್ಲ.

ಶ್ರಾವಕರಾದ ನಮಗೆ ಇನ್ನೊಂದು ಹೊಣೆಯೂ ಇದೆ. ಕೆಲಸ ಬೇಗ ಆಗಲೆಂದು ಉಳಿದ ನೀರನ್ನು ಪಂಪಿನಿಂದ ಹೊರಹಾಕಿದರೆ ಅಸಂಖ್ಯ ಜಲಚರಗಳು ಸಾಯುತ್ತವೆ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿಸುವ ಆಚಾರ ನಮ್ಮದು. ಆಳದ ಒಂದು ಮಡುವನ್ನು ಮುಟ್ಟದೆ ಬಿಡಬೇಕೆಂಬ ಮಾತನ್ನು ಕರಾರಿನಲ್ಲಿ ಸೇರಿಸಲು ನಾವೇ ಒತ್ತಾಯಿಸಬೇಕು.

ಧರ್ಮಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ದಾನವನ್ನು ಕಡಿಮೆ ಮಾಡಬೇಡಿರಿ. ಆದರೆ ಹತ್ತರಲ್ಲಿ ಎರಡು ಪಾಲನ್ನು ಒಂದು ಮಳೆಗಾಲ ಕಳೆದು, ಏರಿ ಮತ್ತು ಕೋಡಿ ಸರಿಯಿರುವುದನ್ನು ನೋಡಿದ ಮೇಲೆ ಕೊಡಿರಿ. ಮತ್ತೊಂದು ಪಾಲನ್ನು ದುರಸ್ತಿಗೆಂದು ಊರಿನ ಹೆಸರಿನಲ್ಲಿ ಠೇವಣಿ ಇಡಿರಿ. ಚಾತುರ್ಮಾಸದಲ್ಲಿ ಸಮಾಜದವರೆಲ್ಲ ಕೂಡಿದಾಗ ಇದನ್ನು ಚರ್ಚಿಸಿ, ಬೇಸಿಗೆಗೆ ಮೊದಲೇ ಕರಾರಿನ ಮಾದರಿಯೊಂದನ್ನು ಸಿದ್ಧಮಾಡಿಟ್ಟುಕೊಂಡರೆ, ವಂತಿಗೆ ಕೇಳಲು ಬಂದವರಿಗೂ ಕೊಡುವವರಿಗೂ ಅನುಕೂಲವಾದೀತು.